ಖಂಡೆ ಪೂಜೆಯ ದಿನ ನಿಂತ ಕಂಪ್ಯೂಟರ್

ನನ್ನ ಮಗಳು, ಅಂದರೆ ನಿಮ್ಮ ತಾಯಿ, ಮದುವೆಗೆ ಮೊದಲು ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಇಟ್ಟು ಅರ್ಜಿ, ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ನಮ್ಮಿಬ್ಬರ ಊಟ ಅದರಿಂದಲೇ ನಡೆಯುತ್ತಿತ್ತು. ಒಂದು ದಸರೆಯಲ್ಲಿ, ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಅವಳು ಕಂಪ್ಯೂಟರ್ ಹೊಸ ಡಿಸ್ಕನ್ನು ಗುರುತಿಸಲೆಂದು ಮದರ್‌ಬೋರ್ಡಿನ ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಂ, ಬದಲಿಸುತ್ತಿದ್ದಳು. ನಾನು ಕುಂಕುಮ ಹಚ್ಚಿ ಪೂಜೆಗೆ ಕೂರಿಸಿದ ಯಂತ್ರ ದುಡಿಯಬಾರದೆಂದು ನನ್ನ ಮೈದುನ ನಡುವೆಯೇ ಸ್ವಿಚ್ ಆರಿಸಿಬಿಟ್ಟ. ಮತ್ತೆ ಹಾಕಿದರೆ ಕಂಪ್ಯೂಟರ್ ಏಳಲೇ ಇಲ್ಲ.

"ವೈನಿ, ಕುಂಕುಮ ನೀವ್ಯಾಕ ಹಚ್ಚಿದ್ರಿ? ಗಂಡ ಇಲ್ಲದಾಕಿ ಕೈ ಹತ್ತಿ ಹಿಂಗಾತು" ಎಂದು ಅವನು ಗಿರಾಕಿಗಳೆದುರು ಕೂಗಿದ. ನಾನು ತಲೆ ತಗ್ಗಿಸಿದೆ. ಹಾಗೆ ತಗ್ಗಿಸಿದ್ದಕ್ಕೆ ಇಂದಿಗೂ ನನ್ನ ಮೇಲೇ ನನಗೆ ಸಿಟ್ಟಿದೆ.

ಮರುದಿನ ಮೂವರೂ ಕಂಪ್ಯೂಟರ್ ಹೊತ್ತು ಬಸ್ಸಿನಲ್ಲಿ ಹುಮನಾಬಾದಿಗೆ ಹೋದೆವು. ರಿಪೇರಿಯವನು ಬೋರ್ಡಿನಿಂದ ಸಣ್ಣದೊಂದು ಚಿಪ್ ಕಿತ್ತು, ತನ್ನ ಯಂತ್ರದಲ್ಲಿಟ್ಟು ಬಯಾಸನ್ನು ಮತ್ತೆ ತುಂಬಿದ. ಪರದೆ ಬೆಳಗಿತು.

"ಅರ್ಧಕ್ಕ ಕರೆಂಟ್ ಬಂದ್ ಮಾಡಿದವ್ರು ಯಾರ್ರಿ? ಅದಕ್ಕೇ ಇದು ಕೆಟ್ಟಿತ್ತು" ಎಂದು ಅವನು ಕೇಳಿದ.

ನಾನು ಮೈದುನನತ್ತ ಬೆರಳು ತೋರಿಸಿದೆ.

"ಆಗಿದ್ದು ಆಗ್ಯದ, ಬಿಡ್ರಿ ವೈನಿ" ಎಂದು ಮೈದುನ ನಕ್ಕ.

"ಗಿರಾಕಿ ಮುಂದ ಅಂದೀದಿ. ಅವರ ಮುಂದನೇ ತಪ್ಪಾತು ಅನ್ನು" ಎಂದೆ.

ಅವನು ಅನ್ನಲಿಲ್ಲ. ಅವನು ಸಾಯುವವರೆಗೂ ನಾನು ಅವನೊಡನೆ ಮಾತಾಡಲಿಲ್ಲ.