ಸುಂದರಾಬಾಯಿಯ ಚಾಟಣಿ ಪಾಠ

ಸತ್ತಿ ಊರಿನ ಸುಂದರಾಬಾಯಿ ಇಪ್ಪತ್ತು ವರ್ಷ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವರು. ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ ಆ ಕಡೆ ಚಾಟಣಿ ಎನ್ನುತ್ತಾರೆ. ಎಲ್ಲಿ ಕತ್ತರಿಸಿದರೆ ಗೊಂಚಲು, ಎಲ್ಲಿ ಕತ್ತರಿಸಿದರೆ ಬರೀ ಎಲೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಬಾಯಂತೂ ಕತ್ತರಿಗಿಂತ ಹರಿತ.

2017ರ ಅಕ್ಟೋಬರಿನಲ್ಲಿ, ಬಿ.ಕಾಂ ಮುಗಿಸಿ ಮನೆಯಲ್ಲಿದ್ದ ಮಗಳು ಪ್ರಾಜಕ್ತಾ ತೋಟಕ್ಕೆ ಬುತ್ತಿ ತಂದಳು. ಅವ್ವ ಹೊಸ ಹೆಣ್ಣಾಳುಗಳಿಗೆ ಕಡ್ಡಿಯ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ತೋರಿಸಿ ಕಲಿಸುತ್ತಿದ್ದರು.

“ಕಣ್ಣಿಗೆ ಹತ್ತಿ ಕಡೀಬ್ಯಾಡ್ರೇ! ಮ್ಯಾಲ ಒಂದೀಟು ಕಡ್ಡಿ ಬಿಡ್ರಿ. ಕೂಸಿನ ಉಗುರ ತಗೀರಿ ಅಂದ್ರ ಬೆರಳ ತಗೀತೀರಲ್ಲ!”

ಪ್ರಾಜಕ್ತಾ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ಕೆಳಗೆ ತನ್ನ ನಂಬರ್ ಕೊಟ್ಟರೆ ಕಂಡಕಂಡವರು ಫೋನ್ ಮಾಡುತ್ತಾರೆಂದು ಅವ್ವನ ಬಟನ್ ಫೋನಿನ ನಂಬರ್ ಕೊಟ್ಟಳು. ಅವ್ವನಿಗೆ ಹೇಳುವುದನ್ನು ಮರೆತಳು.

ನಾಲ್ಕನೆಯ ದಿನ ಫೋನ್ ಬಂತು.

“ಚಾಟಣಿ ಮೇಡಂ ಅದಾರೇನ್ರಿ?”

“ಮೇಡಮ್ಮೋರು ಸಾಲ್ಯಾಗ ಇರ್ತಾರ. ಇದು ತ್ವಾಟ,” ಎಂದು ಸುಂದರಾಬಾಯಿ ಇಟ್ಟುಬಿಟ್ಟರು.

ಆತ ಮೂರನೆಯ ಸಲ ಮಾಡಿದ. “ಇಡಬ್ಯಾಡ್ರಿ! ವಿಡಿಯೋದಾಗ ಬೈತಾರಲ್ರಿ, ಅವರು ಬೇಕಾಗಿತ್ತು.”

“ಬೈಯಾಕಿ ಆದ್ರ ನಾನ ಬಿಡ್ರಿ.”

ಮನೆಗೆ ಬಂದವರೇ ಮಗಳ ಮೇಲೆ ಹರಿಹಾಯ್ದರು. ಪ್ರಾಜಕ್ತಾ ವಿಡಿಯೋ ತೋರಿಸಿದಳು. ಹನ್ನೊಂದು ಸಾವಿರ ಮಂದಿ ನೋಡಿದ್ದರು. ಸುಂದರಾಬಾಯಿ ಎರಡು ಸಲ ನೋಡಿ, “ಸೆರಗ ಸರಿ ಮಾಡ್ಕೋ ಅಂತ ಹೇಳಾಕ ಏನಾಗಿತ್ತ ಬೇ ನಿನಗ?” ಎಂದರು. ಮುಂದಿನ ವಾರದಿಂದ ಇಸ್ತ್ರಿ ಮಾಡಿದ ಸೀರೆಯುಟ್ಟು ವಿಡಿಯೋದಲ್ಲಿ ಪಾಠ ಹೇಳತೊಡಗಿದರು. ಕೆಲಸದ ನಡುವೆಯೇ ರೈತರ ಫೋನುಗಳು ಬರತೊಡಗಿದವು.

ನವೆಂಬರಿನಲ್ಲಿ ಪೆಟ್ಟು ಬಿತ್ತು. ಕೂಲಿಗೆ ಹೋಗುತ್ತಿದ್ದ ಬಾಪುಸಾಹೇಬರ ತೋಟದಲ್ಲಿ ಸುಂದರಾಬಾಯಿಯೇ ಕತ್ತರಿಸಿದ ಎರಡು ಸಾಲಿನಲ್ಲಿ ಗೊಂಚಲೇ ಕಟ್ಟಲಿಲ್ಲ. ಫೋನಿಗೆ ಉತ್ತರ ಕೊಡುವ ಗಡಿಬಿಡಿಯಲ್ಲಿ ದಪ್ಪ ಕಡ್ಡಿ, ಸಣ್ಣ ಕಡ್ಡಿ ಎಂದು ನೋಡದೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದ್ದರು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬಾಪುಸಾಹೇಬರ ಮುಂದೆ ತಪ್ಪೊಪ್ಪಿಕೊಂಡು, ಆ ಸಾಲುಗಳ ವಿಡಿಯೋ ಮಾಡುತ್ತೇನೆ ಎಂದರು.

“ಇದನ್ನ ಹಾಕಿದ್ರ ನಿನ್ನ ಯಾರ ಕರೀತಾರವ್ವಾ?” ಎಂದಳು ಪ್ರಾಜಕ್ತಾ.

“ಕರೀದಿದ್ರ ಬಿಡ್ಲಿ. ನಾ ಕೆಡಿಸಿದ್ದ ನೋಡಿ ನಾಕ್ ಮಂದಿ ತ್ವಾಟ ಉಳೀಲಿ.”

ಬಾಪುಸಾಹೇಬರು ಸಿಟ್ಟಿನಲ್ಲೇ ಒಪ್ಪಿದರು. “ನನ್ನ ಮಾರಿ ಮಾತ್ರ ತೋರಸಬ್ಯಾಡ್ರಿ!” ಎಂದು ತಾಕೀತು ಮಾಡಿದರು. ವಿಡಿಯೋದಲ್ಲಿ ನೋಡಿದರೆ, ಗಂಜಿ ಹಾಕಿದ ಟೋಪಿ ಇಟ್ಟುಕೊಂಡು ಹಿಂದೆ ಮೂರು ಸಲ ಹಾದುಹೋಗಿದ್ದಾರೆ.

ಹದಿನೈದು ದಿನಕ್ಕೆ ಕಾಗವಾಡದ ಕಡೆಯ ದ್ರಾಕ್ಷಿ ಬೆಳೆಗಾರರ ಸಂಘದಿಂದ ನೇಮಿನಾಥ ಎಂಬವರು ಫೋನ್ ಮಾಡಿ ಕರೆಸಿಕೊಂಡರು. ಚಾಟಣಿ ಕಲಿಸುವವರು ಬೇಕಾಗಿದ್ದರು. ಬಯೋಡಾಟಾ ಕೇಳಿದರು. ಸುಂದರಾಬಾಯಿ ಚೀಲದಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟ ಓದೀರಿ?”

“ನಾಕನೇತ್ತಾ. ಐದನೇತ್ತಾ ಸಾಲಿ ಇದ್ದದ್ದು ಹೊಳಿ ಆಚಿಕಡೆ.”

ನೇಮಿನಾಥರು ನಕ್ಕರು. “ಚಲೋ ಬೆಳಿ ಎಲ್ಲಾರೂ ತೋರಸ್ತಾರ್ರಿ. ಕೆಟ್ಟಿದ್ದ ತೋರಿಸಿದವರು ನೀವೊಬ್ರ. ಏಪ್ರಿಲ್ ಚಾಟಣಿಗೆ ಬರ್ರಿ. ತಿಂಗಳ ಪಗಾರ ಕೊಡ್ತೀವಿ, ಜೀಪ್ ಕಳಸ್ತೀವಿ.”

“ನನ್ನ ಕೂಡ ದುಡಿಯೋ ಹೆಣ್ಮಕ್ಕಳೂ ಬರ್ತಾರ. ಕಡ್ಡಿ ಹಿಡದ ತೋರಸಾಕ ಮಂದಿ ಬೇಕ್ರಿ,” ಎಂದರು ಸುಂದರಾಬಾಯಿ. ಅದಕ್ಕೂ ಒಪ್ಪಿಗೆಯಾಯಿತು.

ಏಪ್ರಿಲಿನ ಮೊದಲ ಪಾಠಕ್ಕೆ ಮೂವತ್ತು ಗಂಡಸರು ಶಾಮಿಯಾನದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನೇಮಿನಾಥರು ಕೈಗೆ ಮೈಕು ಕೊಟ್ಟರು. ಸುಂದರಾಬಾಯಿ ತಮ್ಮ ಹೆಸರು ಹೇಳುವುದಕ್ಕೇ ಎರಡು ಸಲ ನೀರು ಕುಡಿದರು. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ರೈತ ಬೇಸರಕ್ಕೆ ಕತ್ತರಿಯನ್ನು ತಲೆಕೆಳಗೆ ಹಿಡಿದು ಕಡ್ಡಿಯೊಂದನ್ನು ಕಚಕಚ ಕತ್ತರಿಸುತ್ತಿದ್ದುದು ಕಂಡಿತು.

“ಏಯ್ ಅಣ್ಣಾ! ಕೊತಂಬರಿ ಹೆಚ್ಚಾಕತ್ತೀಯೇನ?”

ಮೂವತ್ತು ಮಂದಿಯೂ ಗೊಳ್ಳೆಂದರು. ಸುಂದರಾಬಾಯಿ ಮೈಕನ್ನು ನೇಮಿನಾಥರ ಕೈಗಿತ್ತು, ಎಲ್ಲರನ್ನೂ ಎಬ್ಬಿಸಿ ಬಿಸಿಲಿಗೆ, ಬಳ್ಳಿಗಳ ನಡುವೆ ಕರೆದುಕೊಂಡು ಹೋದರು.