ಗಂಡನ ಕಾಲು, ಹನುಮಂತನ ವಡೆಮಾಲೆ

ಕೃತಕ ಕೈಕಾಲು ಜೋಡಿಸುವುದು, ಸೋತ ಕಾಲಿಗೆ ಆಸರೆಯ ಪಟ್ಟಿ ಮಾಡಿಕೊಡುವುದು ನಾನು ಕಲಿತ ಕಸುಬು. ಮೈಸೂರಿನಿಂದ ಚೆನ್ನೈಗೆ ಬಂದು, ಮಗಳು ಹುಟ್ಟಿದಾಗ ಕೆಲಸ ಬಿಟ್ಟೆ. ನಾಳೆ ಹಿಡಿದೇನು, ನಾಡಿದ್ದು ಹಿಡಿದೇನು ಅನ್ನುವಷ್ಟರಲ್ಲಿ ಅವಳು ಕಾಲೇಜು ಸೇರಿದಳು. ಬೆಸೆಂಟ್ ನಗರದಲ್ಲಿ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿನವರು ಕೆಲಸಕ್ಕೆ ಕರೆದಾಗ ಹಿಗ್ಗಿಹೋದೆ. ನನ್ನ ಲೈಸೆನ್ಸು ಏನಾಗಿದೆಯೆಂದು ಕೇಳಲು ಕೌನ್ಸಿಲ್ಲಿಗೆ ಫೋನ್ ಮಾಡಿದರೆ, ಅಲ್ಲಿನ ಹೆಂಗಸು ಕಂಪ್ಯೂಟರ್ ನೋಡಿ, "ಮೇಡಂ, ನೀವು ಇನ್‌ಆಕ್ಟಿವ್ ಆಗಿದೀರಿ" ಎಂದಳು. ಆಗ ನಾನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕುಕ್ಕರ್ ಇಳಿಸುತ್ತ, ಇನ್ನೊಂದರಲ್ಲಿ ಒಗ್ಗರಣೆ ತಿರುವುತ್ತಿದ್ದೆ.

ಮತ್ತೆ ಆಕ್ಟಿವ್ ಆಗಬೇಕಾದರೆ ಮರುತರಬೇತಿ ಪಡೆಯಬೇಕಿತ್ತು. ಕೊನೆಗೆ ನಿಜವಾದ ರೋಗಿಯೊಬ್ಬರನ್ನು ಕರೆತಂದು, ಪರೀಕ್ಷಕರ ಎದುರು, ಪಟ್ಟಿ ಮಾಡಲು ಬೇಕಾಗುವ ಅವರ ಕಾಲಿನ ಅಚ್ಚು ತೆಗೆಯಬೇಕು. ತರಗತಿಯಲ್ಲಿ ಎಲ್ಲರೂ ನನ್ನ ಮಗಳ ಓರಗೆಯವರು. ಅವರು ಫೋನು ಹಿಡಿದು ಕಾಲನ್ನು ಸ್ಕ್ಯಾನ್ ಮಾಡಿ ಮುಗಿಸುತ್ತಿದ್ದರು. ನನ್ನ ಫೋನು ಪಾದದ ಬದಲು ನನ್ನ ಮೂಗನ್ನೇ ತೋರಿಸುತ್ತಿತ್ತು. ಪುಣ್ಯಕ್ಕೆ ಪರೀಕ್ಷೆಯಲ್ಲಿ ಪ್ಲಾಸ್ಟರಿನ ಅಚ್ಚನ್ನು ಕೈಯಲ್ಲೇ ತೆಗೆಯಬೇಕಿತ್ತು. ಅದು ನನಗೆ ಗೊತ್ತಿದ್ದ ಕೆಲಸ.

ಗೊತ್ತಿದ್ದ ಕೆಲಸವನ್ನೂ ಒಮ್ಮೆ ಮಾಡಿ ನೋಡೋಣವೆಂದು ಗಂಡನ ಕಾಲು ಕೇಳಿದೆ. ಅವರು ಶೋಳಿಂಗನಲ್ಲೂರಿನ ಆಫೀಸಿಗೆ ಹೋಗುವವರು. ಅವತ್ತು ಮನೆಯಿಂದಲೇ ಕೆಲಸ. "ಮೇಲಿನ ಅರ್ಧ ಮೀಟಿಂಗಿಗೆ ಬೇಕು, ಕೆಳಗಿನ ಅರ್ಧ ನೀನು ತಗೋ" ಎಂದು ಉದಾರವಾಗಿ ಕಾಲು ಚಾಚಿದರು.

ಇದರಲ್ಲಿ ಒಂದು ಕ್ರಮವಿದೆ. ಮೊದಲು ಕಾಲುಚೀಲ, ಅದರ ಮೇಲೆ ಮೊಣಕಾಲಿನ ಕೆಳಗಿಂದ ಪಾದದವರೆಗೆ ಉದ್ದಕ್ಕೆ ಬೆರಳುಗಾತ್ರದ ಒಂದು ಮೆತ್ತನೆಯ ಕೊಳವೆ, ಆಮೇಲೆ ಒದ್ದೆ ಪ್ಲಾಸ್ಟರ್. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಕೊಳವೆಯ ಮೇಲೆಯೇ ಚಾಕು ಎಳೆದರೆ ಚರ್ಮಕ್ಕೆ ತಾಗದೆ ಅಚ್ಚು ಬಿಚ್ಚಿಕೊಳ್ಳುತ್ತದೆ. ನಾನು ಚಂದವಾಗಿ ಸುತ್ತಿದೆ, ನುಣುಪಾಗಿ ಸವರಿದೆ, ನನಗೆ ನಾನೇ ಭೇಷ್ ಅಂದುಕೊಂಡೆ. ತಿರುಗಿ ನೋಡಿದರೆ ಕೊಳವೆ ಟೀಪಾಯಿಯ ಮೇಲಿತ್ತು.

"ಅಂದ್ರೆ?" ಎಂದರು ಗಂಡ, ಲ್ಯಾಪ್‌ಟಾಪಿನ ಮೈಕು ಬಂದ್ ಮಾಡಿ.

"ಅಂದ್ರೆ ಕತ್ತರಿಸೋಕೆ ದಾರಿ ಇಲ್ಲ. ಬಿಸಿನೀರಲ್ಲಿ ನೆನೆಸಿ ಬಿಡಿಸ್ಬೇಕು. ಹೊತ್ತಾಗತ್ತೆ."

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಕೆಳಗಿನ ಮನೆಯ ಮಾಮಿ ಹಾಗಲಕಾಯಿ ಗೊಜ್ಜು ತಂದಿದ್ದರು. ಅಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆ ಅವರದು. ಅವರ ಕನ್ನಡದಲ್ಲಿ ಅರ್ಧ ತಮಿಳು. ಸೋಫಾದ ಮೇಲಿನ ಬಿಳಿ ಕಾಲು ನೋಡಿ, "ಅಯ್ಯೋ ಪಾವಂ! ಸೊಲ್ಲವೇ ಇಲ್ಲವೇ ನೀನು!" ಎಂದು, ತಿಳಿಸಲೇ ಇಲ್ಲವೆಂದು ನನ್ನನ್ನು ಗದರಿದವರೇ ನಾನು ಬಾಯಿ ತೆರೆಯುವ ಮೊದಲೇ ಲಿಫ್ಟಿನಲ್ಲಿದ್ದರು.

ಊಟದ ಹೊತ್ತಿಗೆ ಇಡೀ ಅಪಾರ್ಟ್‌ಮೆಂಟಿಗೆ ಕಾಲು ಮುರಿದ ಸುದ್ದಿ ಮುಟ್ಟಿತ್ತು. ಹಣ್ಣು ಬಂತು, ರಸಂ ಬಂತು, ಗೇಟಿನ ಎದುರಿನ ಗುಂಡಿಯೇ ಇದಕ್ಕೆ ಕಾರಣವೆಂದು ಅಸೋಸಿಯೇಷನ್ನಿನ ಗ್ರೂಪಿನಲ್ಲಿ ಜಗಳವೂ ಆಯಿತು. ನಾನು ನಿಜ ಹೇಳುತ್ತಲೇ ಇದ್ದೆ. ಅದು ನನ್ನ ಧೈರ್ಯವೆಂದು ಎಲ್ಲರೂ ಮೆಚ್ಚಿಕೊಂಡರು. ಗಂಡನಿಗೋ ಸುಖ. ದಿಂಬಿನ ಮೇಲೆ ಕಾಲಿಟ್ಟು ನಡುನಡುವೆ ನರಳತೊಡಗಿದರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುವ ಮಗಳು ಬಂದು, "ಅಪ್ಪಾ, ನಡಿಕ್ಕಾದೀಂಗ" ಎಂದಳು. ನಾಟಕ ಸಾಕು ಅಂತ.

ಸಂಜೆ ಬಕೆಟ್ಟಿನಲ್ಲಿ ನೆನೆಸಿ, ಅಡಿಗೆಮನೆಯ ಕತ್ತರಿಯಿಂದ ಕಾಲು ಬಿಡಿಸಿದೆ. ಮರುದಿನ ಆಫೀಸಿನ ಕ್ಯಾಬ್ ಹಿಡಿಯಲು ಅವರು ಮೆಟ್ಟಿಲಿಳಿದು ಓಡಿದ್ದನ್ನು ಮಾಮಿ ಕಂಡರು. ಅಲ್ಲೇ ಕೈಮುಗಿದು, "ಆಂಜನೇಯಾ!" ಎಂದರು. ಅವರು ಹಿಂದಿನ ದಿನವೇ ಹನುಮಂತನಿಗೆ ವಡೆಮಾಲೆಯ ಹರಕೆ ಹೊತ್ತಿದ್ದರಂತೆ.

ನಾನು ಕೆಳಗಿಳಿದು, ಅವರನ್ನು ಕೂರಿಸಿ, ಪರೀಕ್ಷೆ, ಪ್ಲಾಸ್ಟರ್, ಕೊಳವೆ ಎಲ್ಲ ವಿವರವಾಗಿ ಹೇಳಿದೆ. ಈ ಸಲ ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಕಣಮ್ಮಾ. ಹರಕೆ ಹೊತ್ತಾಚು. ಈಗ ದೇವರ ಹತ್ರ ಹೋಗಿ ಮಿಸ್ಟೇಕ್ ಆಯ್ತು, ಕ್ಯಾನ್ಸಲ್ ಮಾಡು ಅನ್ನಕ್ಕೆ ಆಗತ್ತಾ?"

ಶನಿವಾರ ನನ್ನ ಗಂಡ ವಡೆಮಾಲೆ ಹೊತ್ತು ಗುಡಿ ಸುತ್ತಿದರು. ನೋಡಿದವರಿಗೆ ಬೇಜಾರಾಗದಿರಲೆಂದು ಸ್ವಲ್ಪ ಕುಂಟಿದರು ಕೂಡ.

ಹಿಂದಿರುಗುವಾಗ ಆಟೋದಲ್ಲಿ ಮಾಮಿ ಮೆಲ್ಲಗೆ, "ನಮ್ಮ ಅಣ್ಣನ ಕಾಲು ನೋಡ್ತೀಯಾ?" ಎಂದರು. ಪಾರ್ಶ್ವವಾಯು ಹೊಡೆದ ಮೇಲೆ ಅಣ್ಣ ಇವರ ಮನೆಯಲ್ಲೇ ಇದ್ದರು. ಬಲಪಾದ ಜೋತುಬೀಳುತ್ತದೆ, ನೆಲಕ್ಕೆ ಎಳೆಯುತ್ತದೆ. ಹಿಂದೆ ಯಾರೋ ಮಾಡಿಕೊಟ್ಟ ಪಟ್ಟಿ ಕಚ್ಚುತ್ತದೆಂದು ಮಂಚದಡಿಗೆ ಎಸೆದು, ಹೊರಗೆ ಹೋಗುವುದನ್ನೇ ಬಿಟ್ಟಿದ್ದರಂತೆ.

ಹಾಗೆ ನನಗೆ ಪರೀಕ್ಷೆಯ ರೋಗಿ ಸಿಕ್ಕಿದರು. ರೈಲ್ವೆಯಿಂದ ನಿವೃತ್ತರಾದ ಅವರು ಪರೀಕ್ಷಕರ ಎದುರೇ, "ಆ ಟ್ಯೂಬ್ ಇಟ್ಟಿದ್ದೀಯೋ ಇಲ್ಲವೋ? ನನಗೆ ಹರಕೆ ಹೊರುವವರು ಯಾರೂ ಇಲ್ಲ" ಎಂದು ಗದರಿದರು. ತರಗತಿಯವರೆಲ್ಲ ನಕ್ಕರು. ನಾನು ಕೊಳವೆಯನ್ನು ಎತ್ತಿ ತೋರಿಸಿ, ಇಟ್ಟು, ಪ್ಲಾಸ್ಟರ್ ಸುತ್ತಿ, ಅವರ ಪಾದವನ್ನು ನೇರಕ್ಕೆ ಹಿಡಿದು, ಹೆಬ್ಬೆರಳಿನಿಂದ ಹರಡಿನ ಗಂಟನ್ನು ಹುಡುಕಿದೆ. ಹಳೆಯ ಪಟ್ಟಿ ಕಚ್ಚುತ್ತಿದ್ದದ್ದು ಅಲ್ಲೇ. ಅಲ್ಲಿಗೆ ಜಾಗ ಬಿಟ್ಟು ತೀಡಿದೆ. ಬಿಸಿಯೇರುತ್ತ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಪಾದವನ್ನು ಹಾಗೇ ಹಿಡಿದಿದ್ದೆ. ಪರೀಕ್ಷಕರು ಅಚ್ಚನ್ನು ತಿರುಗಿಸಿ ನೋಡಿ, "ಪರವಾಯಿಲ್ಲೈ" ಎಂದರು. ತಮಿಳಿನಲ್ಲಿ ಅದು ದೊಡ್ಡ ಹೊಗಳಿಕೆ.

ಲೈಸೆನ್ಸು ಜೀವಂತವಾಯಿತು. ಕ್ಲಿನಿಕ್ಕಿನಲ್ಲಿ ನಾನು ಮೊದಲು ಮಾಡಿದ್ದು ಮಾಮಿಯ ಅಣ್ಣನ ಪಟ್ಟಿಯನ್ನೇ. ತೊಟ್ಟು ಎದ್ದುನಿಂತು, ಕಚ್ಚುವುದಿಲ್ಲವೆಂದು ಒಪ್ಪಿ, ಬಣ್ಣ ಸರಿಯಿಲ್ಲವೆಂದರು.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಮಾಮಿಯ ಫೋನು ಬಂತು. "ಅಣ್ಣ ಕಾಣ್ಸ್ತಿಲ್ಲ! ಯಾರಿಗೂ ಹೇಳದೆ ಎಲ್ಲೋ ನಡ್ಕೊಂಡು ಹೋಗಿದಾನೆ. ಮಾಡಿಕೊಟ್ಟೋಳು ನೀನೇ, ನೀನೇ ಹುಡುಕು."

ನಾವಿಬ್ಬರೂ ಬೀದಿಬೀದಿ ಹುಡುಕಿದೆವು. ಬೀಚಿನ ಪಕ್ಕದ ಕಾಫಿ ಅಂಗಡಿಯ ಬೆಂಚಿನ ಮೇಲೆ ಸಿಕ್ಕಿದರು. ಯಾರೊಡನೆಯೋ ರಾಜಕೀಯ ಜೋರಾಗಿ ನಡೆದಿತ್ತು. ಮಾಮಿ ಬೈಯಲು ಬಾಯಿ ತೆರೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ಪಕ್ಕಕ್ಕೆ ಕುಳಿತರು. ಅಣ್ಣ ನಮ್ಮತ್ತ ಒಮ್ಮೆ ನೋಡಿ, ಅಂಗಡಿಯವನಿಗೆ ಇನ್ನೆರಡು ಕಾಫಿ ಹೇಳಿ, ತಮ್ಮ ವಾದ ಮುಂದುವರಿಸಿದರು.