ಹಿಂಬದಿಯ ನಾಲ್ಕು ಸಾಲು

ಕಳೆದ ತಿಂಗಳು ಮಗಳನ್ನು ಕರೆತರಲು ಅವಳ ಕಾಲೇಜಿಗೆ ಹೋಗಿದ್ದೆ. ಪ್ರಾಣಿಶಾಸ್ತ್ರದ ಪ್ರಯೋಗಾಲಯ ದಾಟುವಾಗ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಘಾಟಿಗೇ ಬಂತೆಂದು ಬರೆದುಬಿಡಬಹುದು... ಆದರೆ ಅಷ್ಟರಲ್ಲಿ ನನಗೆ ಹಿಂದೂಪುರದ ದೊಡ್ಡಕ್ಕನ ನೆನಪಾಗಿತ್ತು.

ದೊಡ್ಡಕ್ಕ ನನ್ನ ಚಿಕ್ಕಮ್ಮನ ಪಕ್ಕದ ಮನೆಯವರು. ಊರಂಚಿನಲ್ಲಿ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಲ್ಯಾಣದುರ್ಗದವಳು, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಆ ವರ್ಷ ತಾಂತ್ರಿಕ ಬರವಣಿಗೆ ಎಂಬ ವಿಷಯ ಹೊಸದಾಗಿ ಬಂದಿತ್ತು. ಯಂತ್ರವನ್ನೋ ಔಷಧವನ್ನೋ ಬಳಸುವವರಿಗೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಎಲ್ಲಿ ಇಡಬೇಕು ಎಂದು ಕಲಿಸುತ್ತಿದ್ದರು. ಕೊನೆಗೆ ಪರೀಕ್ಷೆಯ ಬದಲು ಒಂದು ಕರಪತ್ರ. ಬಳಸುವವರ ಭಾಷೆಯಲ್ಲೇ ಬರೆಯಬೇಕು, ಅವರು ಅದರಂತೆ ಕೆಲಸ ಮಾಡುವುದನ್ನು ನೋಡಿ ವರದಿ ಕೊಡಬೇಕು. ನೋಡುವಾಗ ಮಾತ್ರ ಬಾಯಿ ಬಿಡಬಾರದು ಎಂಬುದು ಮೇಷ್ಟ್ರ ಷರತ್ತು. ಬರೆದವರು ಓದುವವರ ಪಕ್ಕದಲ್ಲಿ ಕೂತಿರುವುದಿಲ್ಲ, ಕಾಗದವೇ ಮಾತಾಡಬೇಕು ಎನ್ನುತ್ತಿದ್ದರು.

ದೊಡ್ಡಕ್ಕ ಅಲ್ಲಿಯವರೆಗೆ ಕೋಣೆಗೆ ಸುಣ್ಣ ಬಳಿದು, ಸಗಣಿಯಲ್ಲಿ ಸಾರಿಸಿ ಹುಳು ಇಡುತ್ತಿದ್ದರು. ರೋಗ ಬಾರದಿರಲೆಂದು ಆ ಸಲ ಮೊದಲ ಬಾರಿಗೆ ಫಾರ್ಮಲಿನ್ ತಂದಿದ್ದರು. ಅದನ್ನು ಹೇಗೆ ಬಳಸಬೇಕೆಂದು ನಾನು ಬರೆದೆ. ಮುಂಬದಿಯಲ್ಲಿ ಒಂಬತ್ತು ಸಾಲು: ಹುಳು ಸಾಕುವ ತಟ್ಟೆ ತೊಳೆಯುವುದು, ನೀರಿಗೆ ಬೆರೆಸುವುದು, ಸಿಂಪಡಿಸುವುದು, ಸಂದುಗಳಿಗೆ ಕಾಗದ ಅಂಟಿಸಿ ಒಂದು ದಿನ ಕೋಣೆ ಮುಚ್ಚಿಡುವುದು. ಜಾಗ ಸಾಲದೆ ಉಳಿದ ನಾಲ್ಕು ಸಾಲು ಹಿಂಬದಿಗೆ ಹೋದವು. ಬಾಗಿಲು ಕಿಟಕಿ ತೆರೆದು ಇನ್ನೊಂದು ದಿನ ಗಾಳಿಯಾಡಲು ಬಿಡಿ, ಘಾಟು ಪೂರ್ತಿ ಹೋಗುವವರೆಗೆ ಹುಳು ಒಳಗೆ ತರಬೇಡಿ ಎಂಬ ಮಾತು ಇದ್ದದ್ದು ಅಲ್ಲಿ.

ದೊಡ್ಡಕ್ಕನಿಗೆ ಓದು ಬರುತ್ತಿರಲಿಲ್ಲ. ಸೊಸೆ ಒಂದು ಸಾಲು ಓದುವುದು, ಇವರು ಒಳಗೆ ಹೋಗಿ ಅಷ್ಟು ಮಾಡಿ ಬರುವುದು.

"ಗಟ್ಟಿಯಾಗಿ ಓದೇ, ಗಂಡನ ಕಿವೀಲಿ ಹೇಳ್ದಂಗೆ ಹೇಳ್ಬೇಡ," ಎಂದು ಅವಳನ್ನು ಗದರಿ, ನನ್ನ ಕಡೆ ತಿರುಗಿದರು. "ನೀನೇನಮ್ಮಣ್ಣಿ, ಬಾಯಿಗೆ ಬೀಗ ಹಾಕ್ಕಂಡು ಕೂತಿದೀಯಲ್ಲ, ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ?"

ನಾನು ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಒಂಬತ್ತನೆಯ ಸಾಲು ಮುಗಿದಾಗ ಸೊಸೆ ಕಾಗದ ತಿರುಗಿಸಲು ಹೋದಳು. ದೊಡ್ಡಕ್ಕ ತಡೆದರು. "ಚಾಲು, ಸಾಕು ಬಿಡೇ, ಆ ಕಡೆ ತೆಲುಗಿರ್ತದೆ. ಇದನ್ನೇ ಎರಡು ಸಲ ಕೇಳಾಕೆ ನಾನೇನು ಪರೀಕ್ಷೆ ಬರೀತೀನಾ?"

ಎರಡೂ ಭಾಷೆಯ ಗಡಿಸೀಮೆಯಾದ ನಮ್ಮ ಕಡೆ ಕೈಗೆ ಬರುತ್ತಿದ್ದ ಕರಪತ್ರಗಳೆಲ್ಲ ಹಾಗೇ ಇರುತ್ತಿದ್ದವು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಅದೇ ವಿಷಯ ತೆಲುಗಿನಲ್ಲಿ. ಯಾರೂ ತಿರುಗಿಸುತ್ತಿರಲಿಲ್ಲ. ಅಂಥ ಕಾಗದಗಳ ನಡುವೆಯೇ ಬೆಳೆದ ನನಗೆ ಬರೆಯುವಾಗ ಅದು ಯಾಕೆ ಹೊಳೆಯಲಿಲ್ಲವೋ...

ದೊಡ್ಡಕ್ಕ ಕಣ್ಣೊರೆಸಿಕೊಳ್ಳುತ್ತ, "ಘಾಟಿದ್ದಷ್ಟೂ ಒಳ್ಳೇದು ಕಣಮ್ಮ. ನಮಗೇ ಕಣ್ಣು ಬಿಡಾಕಾಗ್ತಿಲ್ಲ, ಇನ್ನು ರೋಗ ಎಲ್ಲುಳೀತದೆ? ನಾಳೆ ಬಾಗ್ಲು ತೆಗೆದೇಟ್ಗೆ ಹುಳ ತಂದಿಡ್ತೀನಿ," ಎಂದರು.

ಈ ಮಾತು ನನ್ನ ಆ ನೋಟ್‌ಬುಕ್ಕಿನಲ್ಲಿದೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, "ಹಿಂಬದಿ ನೋಡಲಿಲ್ಲ. ವರದಿಗೆ ಸೇರಿಸಬೇಕು." ಇದನ್ನು ಬರೆದದ್ದು ಯಾವಾಗ? ಅಂದು ಸಂಜೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲೋ, ಎಲ್ಲ ಮುಗಿದ ಮೇಲೋ? ಅಂದೇ ಬರೆದಿದ್ದರೆ ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಎಂದಾಯಿತು. ಹೊರಡುವಾಗ ಗೇಟಿನ ಹತ್ತಿರ ಸೊಸೆಗೆ, "ಹಿಂದ್ಗಡೇನೂ ಒಂದ್ಸಲ ಓದಮ್ಮ," ಎಂದು ಹೇಳಿದ ನೆನಪೂ ಇದೆ. ಎಷ್ಟೋ ವರ್ಷ ಅದನ್ನೇ ನಂಬಿಕೊಂಡಿದ್ದೆ. ಆದರೆ ಆ ನೆನಪಿನಲ್ಲಿ ನಾನು ಕೈಯಿಟ್ಟು ನಿಂತಿರುವ ಕಬ್ಬಿಣದ ಗೇಟು ಆಗ ಅಲ್ಲಿ ಇರಲೇ ಇಲ್ಲ, ಬೇಲಿಯಷ್ಟೇ ಇತ್ತು ಎನ್ನುತ್ತಾರೆ ಚಿಕ್ಕಮ್ಮ.

ಹತ್ತು ದಿನ ಬಿಟ್ಟು ಹೋದಾಗ ತಟ್ಟೆಗಳನ್ನು ಬಿಸಿಲಿಗೆ ಬೋರಲು ಹಾಕಿದ್ದರು. ಹುಳು ಸೊಪ್ಪು ಮುಟ್ಟಲಿಲ್ಲವಂತೆ, ಎರಡೇ ದಿನದಲ್ಲಿ ಎಲ್ಲ ಸತ್ತವಂತೆ. ನಾನು ಕರಪತ್ರದ ಮಾತೆತ್ತುವ ಮೊದಲೇ ದೊಡ್ಡಕ್ಕ ಅಂದರು: "ನಿನ್ ಕಾಗದದ್ದೇನೂ ತಪ್ಪಿಲ್ಲ ಕಣಮ್ಮ. ನನ್ ಕೈಗುಣಾನೇ ಅಷ್ಟು. ಬಾ, ಮಜ್ಜಿಗೆ ಕುಡಿ."

ಕುಡಿದೆ. ಆ ನಾಲ್ಕು ಸಾಲಿನ ವಿಷಯ ಹೇಳಲಿಲ್ಲ.

ವರದಿಗೆ ಒಳ್ಳೆಯ ಅಂಕ ಬಂತು. ಒಂದೇ ಬದಿ ಓದುವ ರೂಢಿಯನ್ನು ಚೆನ್ನಾಗಿ ಗಮನಿಸಿದ್ದೀಯ ಎಂದು ಮೇಷ್ಟ್ರು ತರಗತಿಯಲ್ಲಿ ಹೊಗಳಿದರು. ಹುಳು ಸತ್ತದ್ದನ್ನು ನಾನು ಅದರಲ್ಲಿ ಬರೆದಿದ್ದೆನೋ ಇಲ್ಲವೋ, ವರದಿಯ ಪ್ರತಿ ನನ್ನ ಹತ್ತಿರ ಉಳಿದಿಲ್ಲ. ಆಮೇಲೆ ಹಿಂದೂಪುರಕ್ಕೆ ಹೋಗುವುದೇ ಕಡಿಮೆಯಾಯಿತು. ದೊಡ್ಡಕ್ಕ ತೀರಿಹೋದ ಸುದ್ದಿ ನನಗೆ ತಿಂಗಳು ಕಳೆದ ಮೇಲೆ ತಿಳಿಯಿತು.

ಕಾಲೇಜಿನಿಂದ ಬಂದ ಮರುದಿನ ಚಿಕ್ಕಮ್ಮನಿಂದ ನಂಬರ್ ತೆಗೆದುಕೊಂಡು ಸೊಸೆಗೆ ಫೋನ್ ಮಾಡಿದೆ. ಅಂದು ಹೊರಡುವಾಗ ನಾನು ಹೇಳಿದ್ದೆನೋ ಇಲ್ಲವೋ, ಅಷ್ಟು ಕೇಳಬೇಕಿತ್ತು. ಆ ಕಾಗದದ್ದೊಂದು ವಿಷಯ ಕೇಳಬೇಕು ಎಂದು ಶುರುಮಾಡಿದ್ದೇ ತಡ, ಅವಳು ನಕ್ಕಳು.

"ಅಯ್ಯೋ, ಹುಳ ಸತ್ತ ದಿನಾನೇ ತಿರುಗಿಸಿ ಓದ್ಬುಟ್ಟೆ ಅಕ್ಕ. ಅತ್ತೆಗೂ ಹೇಳ್ದೆ. 'ಆ ಹುಡ್ಗಿ ಮುಂದೆ ಬಾಯ್ಬಿಟ್ಟೀಯ ಜೋಕೆ, ಅದರ ಮಾರ್ಕು ಹೋಯ್ತದೆ' ಅಂದ್ಬುಟ್ರು."

ಮಜ್ಜಿಗೆ ಕೊಟ್ಟ ದಿನ ಅವರಿಗೆ ಎಲ್ಲ ಗೊತ್ತಿತ್ತು.

"ಏನೋ ಕೇಳ್ಬೇಕು ಅಂದ್ರಲ್ಲ ಅಕ್ಕ?" ಎಂದಳು ಸೊಸೆ.

ಏನಿಲ್ಲ ಎಂದೆ. ತಪ್ಪಾಯಿತು ಎಂದು ಹೇಳಬೇಕಾದದ್ದು ದೊಡ್ಡಕ್ಕನಿಗೆ. ಅದನ್ನು ಇವಳಿಗೆ ಹೇಗೆ ಹೇಳುವುದು ಎಂದು ತಿಳಿಯದೆ, ಮಕ್ಕಳೆಲ್ಲ ಚೆನ್ನಾಗಿದ್ದಾರಾ ಎಂದು ಕೇಳಿದೆ...